ಒಂದು ಹಗಲಿನ ಹಾಡುಗಾರಿಕೆ

ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದ ಬೀಟಲ್ಸ್ ಎಂಬ ನಾಲ್ವರು ತರುಣರ ಹೆಸರನ್ನು ಕೇಳದ ವಾಚಕರು ವಿರಳ. ಅವರ ಮೊದಲ ದೊಡ್ಡ ಗ್ರಾಮಫೋನ್ ತಟ್ಟೆಯಾದ 'ಪ್ಲೀಸ್ ಪ್ಲೀಸ್ ಮಿ' 1963ರ ಮಾರ್ಚಿ 22ರಂದು ಹೊರಬಿದ್ದಿತು. ಅದರ 14 ಹಾಡುಗಳಲ್ಲಿ 4 ಮೊದಲೇ ಬಿಡಿ ತಟ್ಟೆಗಳಾಗಿ ಬಂದಿದ್ದವು. ಉಳಿದ 10ನ್ನು ಫೆಬ್ರವರಿ 11ರಂದು, ಲಂಡನ್ನಿನ ಅಬ್ಬೆ ರೋಡಿನ ಧ್ವನಿಮುದ್ರಣಶಾಲೆಯಲ್ಲಿ, ಒಂದೇ ದಿನ ಹಾಡಿ ಮುಗಿಸಿದರು.

ಆ ದಿನ ಜಾನ್ ಲೆನನ್ನನಿಗೆ ನೆಗಡಿ. ಗಂಟಲು ಹರಿಯುವಂತೆ ಕೂಗಿ ಹಾಡಬೇಕಾದ 'ಟ್ವಿಸ್ಟ್ ಅಂಡ್ ಶೌಟ್' ಎಂಬುದನ್ನು ಅದಕ್ಕಾಗಿಯೇ ಕಟ್ಟಕಡೆಗೆ ಇರಿಸಿಕೊಂಡಿದ್ದರು. ರಾತ್ರಿ 10 ಘಂಟೆ ಕಳೆದ ಮೇಲೆ ಹಾಡಿದನು. ಎರಡನೆಯ ಸಲ ಯತ್ನಿಸುವಷ್ಟರಲ್ಲಿ ಸ್ವರವೇ ಉಳಿದಿರಲಿಲ್ಲ. ಮೊದಲ ಸಲದ್ದೇ ತಟ್ಟೆಯಲ್ಲಿ ನಿಂತಿತು. ಶ್ರುತಿಶುದ್ಧಿಗೆ ಒಗ್ಗಿದ ನಮ್ಮ ಕಿವಿಗೆ ಆ ಒಡಕು ಕಂಠವು ಕರ್ಕಶವೆನಿಸೀತು. ನನಗಂತೂ ತಟ್ಟೆಯ ಜೀವವಿರುವುದು ಅಲ್ಲಿಯೇ.

ಹಾಡುವವರಿಗೆ ಪರರು ಹಾಡು ಕಟ್ಟಿಕೊಡುವುದು ಅಲ್ಲಿ ಆಗಿನ ರೂಢಿ. ಇಲ್ಲಿಯೋ 8 ಹಾಡುಗಳು ಲೆನನ್, ಮೆಕಾರ್ಟ್ನಿ ಇವರ ಸ್ವಂತ ರಚನೆ. ಮುಂದೆ ಎಷ್ಟೋ ತಂಡಗಳು ಈ ದಾರಿಯನ್ನೇ ಹಿಡಿದವು. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 30 ವಾರ ಅಗ್ರಸ್ಥಾನದಲ್ಲಿದ್ದ ಈ ತಟ್ಟೆಯನ್ನು ಕೆಳಗಿಳಿಸಿದುದು ಅವರದೇ ಎರಡನೆಯ ತಟ್ಟೆ.