ಗೇರ್‌ಬಾಕ್ಸ್ ಇಳಿಸುವ ಮುನ್ನ

ಚಿಂತಾಮಣಿಯ ಮಂಡಿಗೆ ಟೊಮೆಟೊ, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು, ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೂವು, ದ್ರಾಕ್ಷಿ, ಗೌರಿಬಿದನೂರು ಕಡೆಯಿಂದ ಮೆಕ್ಕೆಜೋಳ. ಇದನ್ನೆಲ್ಲ ಹೊತ್ತು ತಿರುಗುವ ಗಾಡಿಗಳಲ್ಲಿ ಹಳೇ ಪಿಕಪ್‌ಗಳೇ ಎದ್ದು ಕಾಣುತ್ತವೆ: ಬೊಲೆರೊ, 2005ರಲ್ಲಿ ಬಂದ ಟಾಟಾ ಏಸ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್, ಅದಕ್ಕೂ ಹಿಂದಿನ ಟಾಟಾ 207. ಹತ್ತು ವರ್ಷ ದಾಟಿದ ಇಂಥ ಗಾಡಿ ದಾರಿಯಲ್ಲಿ ಗೇರ್ ಬೀಳದೆ ನಿಂತರೆ ಸುತ್ತ ಸೇರಿದವರ ಬಾಯಲ್ಲಿ ಮೊದಲು ಬರುವ ಮಾತು ‘ಬಾಕ್ಸ್ ಹೋಯ್ತು’. ಅದನ್ನು ನಂಬಿ ಬಾಕ್ಸ್ ಇಳಿಸಿದರೆ ಕೂಲಿ ಹೋಗುತ್ತದೆ, ಸುಗ್ಗಿಯ ಬಾಡಿಗೆ ಹೋಗುತ್ತದೆ. ಕೆಟ್ಟದ್ದು ಮಾತ್ರ ಹಲವು ಸಲ ಬಾಕ್ಸಿನ ಹೊರಗೇ ಇರುತ್ತದೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆಗೆ ಒಡ್ಡಲು ಸಮಿತಿಯನ್ನೇ ರಚಿಸಿದರು. ಅವರ ನೆಲದಲ್ಲಿ ಗಾಡಿಯ ಬಗೆಗಿನ ಮಾತನ್ನೂ ಪರೀಕ್ಷಿಸಿಯೇ ಒಪ್ಪುವುದು ಸರಿ. ಇಲ್ಲಿನ ಹೆಚ್ಚಿನ ಪರೀಕ್ಷೆಗಳಿಗೆ ಸ್ಪ್ಯಾನರ್ ಕೂಡ ಬೇಡ.

‘ಗೇರ್ ಬೀಳ್ತಾ ಇಲ್ಲ ಅಂದ್ರೆ ಬಾಕ್ಸ್ ಹೋಯ್ತು ಅಂತಾನೇ’

ಎಂಜಿನ್ ಆಫ್ ಮಾಡಿ. ಕ್ಲಚ್ ಒತ್ತಿ ಒಂದೊಂದೇ ಗೇರ್ ಹಾಕಿ ನೋಡಿ. ಎಲ್ಲ ಗೇರೂ ಸಲೀಸಾಗಿ ಬೀಳುತ್ತವೆಯೇ? ಈಗ ಸ್ಟಾರ್ಟ್ ಮಾಡಿ ಅದನ್ನೇ ಮಾಡಿ. ಎಂಜಿನ್ ಓಡುವಾಗ ಮಾತ್ರ ಲಿವರ್ ಬಿಗಿಯುತ್ತದೆ, ರಿವರ್ಸ್ ಹಾಕಿದರೆ ಕರಕರ ಎನ್ನುತ್ತದೆ ಎಂದಾದರೆ ಮೊದಲ ಅನುಮಾನ ಕ್ಲಚ್‌ನ ಮೇಲೆ ಬೀಳಬೇಕು. ಪೆಡಲ್ ಒತ್ತಿದರೂ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಎಣ್ಣೆಯಿಂದ ಕೆಲಸ ಮಾಡುವ ಕ್ಲಚ್ ಆಗಿದ್ದರೆ ಡಬ್ಬಿಯಲ್ಲಿ ಎಣ್ಣೆ ಇಳಿದಿದೆಯೇ, ಪೆಡಲ್ ಹತ್ತಿರ ಒದ್ದೆಯಿದೆಯೇ, ಕೆಳಗಿನ ಸಿಲಿಂಡರ್ ಸೋರುತ್ತಿದೆಯೇ ಎಂದು ನೋಡಬೇಕು. ಕೇಬಲ್ ಆಗಿದ್ದರೆ ಅದು ಹಿಗ್ಗಿದೆಯೋ, ಎಳೆ ಹರಿದಿದೆಯೋ ನೋಡಬೇಕು. ಸಿಲಿಂಡರಿನ ಒಂದು ರಬ್ಬರ್ ಕಿಟ್, ಒಂದು ಕೇಬಲ್, ಅಷ್ಟರಲ್ಲೇ ಮುಗಿಯಬಹುದಾದ ಕೆಲಸ.

ಎಂಜಿನ್ ಆಫ್ ಇದ್ದಾಗಲೂ ಗೇರ್ ಬೀಳದಿದ್ದರೆ? ಆಗಲೂ ಬಾಕ್ಸ್ ಎರಡನೆಯದು. ಲಿವರಿನಿಂದ ಬಾಕ್ಸಿಗೆ ಹೋಗುವ ಕೇಬಲ್ ಅಥವಾ ರಾಡು, ಅದರ ಬುಷ್, ಬಾಕ್ಸಿನ ಮೌಂಟಿಂಗ್ ರಬ್ಬರ್ ಮೊದಲು ನೋಡಿ. ಎಲ್ಲವೂ ಸರಿಯಿದ್ದು ಒಂದೇ ಗೇರ್ ಮಾತ್ರ ತಕರಾರು ಮಾಡುತ್ತಿದ್ದರೆ, ಒಳಗಿನ ಸಿಂಕ್ರೊ ರಿಂಗ್ ಅಥವಾ ಫೋರ್ಕ್ ಸವೆದಿದೆ ಎನ್ನಲು ಕಾರಣ ಸಿಕ್ಕಿದಂತೆ.

ಸದ್ದೂ ಜಾಗ ಹೇಳುತ್ತದೆ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಗುರ್ ಎಂದು, ಒತ್ತಿದ ಕೂಡಲೇ ನಿಂತರೆ ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗ್. ಒತ್ತಿದಾಗಲೇ ಕಿರುಚಿದರೆ ರಿಲೀಸ್ ಬೇರಿಂಗ್. ಈ ವ್ಯತ್ಯಾಸವನ್ನು ಗ್ಯಾರೇಜಿಗೆ ಹೋಗುವ ಮುಂಚೆಯೇ ಡ್ರೈವರ್ ಹೇಳಬಲ್ಲವನಾದರೆ ಮೆಕ್ಯಾನಿಕ್‌ನ ಅರ್ಧ ಹುಡುಕಾಟ ತಪ್ಪುತ್ತದೆ.

‘ಎಂಜಿನ್ ಕೂಗುತ್ತೆ, ಗಾಡಿ ಎಳೆಯಲ್ಲ, ಎಂಜಿನ್ ವೀಕ್ ಆಗಿದೆ’

ಟಾಪ್ ಗೇರಿನಲ್ಲಿ ಸಾಧಾರಣ ವೇಗದಲ್ಲಿ ಹೋಗುತ್ತ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ ಸದ್ದು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎಂಜಿನ್‌ಗೆ ಶಕ್ತಿ ಇರುವುದರಿಂದಲೇ ಅದು ಕೂಗುತ್ತಿರುವುದು. ಸುಟ್ಟ ವಾಸನೆಯೂ ಬಂದರೆ ಅನುಮಾನವೇ ಬೇಡ.

ಪ್ಲೇಟ್ ಒಂದನ್ನೇ ಬದಲಿಸಿ ಹಣ ಉಳಿಸೋಣ ಎನ್ನುವುದು ಇದರ ಬೆನ್ನಿಗೇ ಬರುವ ಮಾತು. ಕ್ಲಚ್ ಪ್ಲೇಟಿಗೆ ಕೈ ತಲುಪಬೇಕಾದರೆ ಬಾಕ್ಸ್ ಇಳಿಸಲೇಬೇಕು. ಖರ್ಚಿನಲ್ಲಿ ದೊಡ್ಡ ಪಾಲು ಆ ಕೂಲಿಯದ್ದು. ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಶಾಫ್ಟಿನ ಆಯಿಲ್ ಸೀಲ್ ಹಳೆಯವೇ ಉಳಿದು ಆರು ತಿಂಗಳಲ್ಲಿ ಒಂದು ಕೈಕೊಟ್ಟರೂ ಅದೇ ಕೂಲಿ ಮತ್ತೆ. ಸೀಲ್ ಸೋರಿದರಂತೂ ಹೊಸ ಪ್ಲೇಟಿಗೆ ಎಣ್ಣೆ ತಾಗಿ ಅದೂ ಜಾರತೊಡಗುತ್ತದೆ. ಒಮ್ಮೆ ಇಳಿಸಿದಾಗ ನಾಲ್ಕನ್ನೂ ನೋಡಿ, ಸವೆದದ್ದನ್ನೆಲ್ಲ ಬದಲಿಸುವುದೇ ಅಗ್ಗ.

‘ಲೋಡ್ ಎಷ್ಟಿದ್ರೂ ಎಳೆಯುತ್ತೆ, ಏನೂ ಆಗಲ್ಲ’

ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮ ಕಡೆಯ ಗಾಡಿಗಳ ಆಯುಸ್ಸು ತಿನ್ನುವುದು ಇದೇ. ಟೊಮೆಟೊ ಬಾಕ್ಸ್ ಸಾಮಾನ್ಯವಾಗಿ 15 ಕಿಲೊ. 50 ಬಾಕ್ಸ್ ಏರಿಸಿದರೆ 750 ಕಿಲೊ. ಪ್ಲಾಸ್ಟಿಕ್ ಬಾಕ್ಸಿನ ತೂಕ ಬೇರೆ. ಮುಕ್ಕಾಲು ಟನ್ ಹೊರಲು ಮಾಡಿದ ಏಸ್‌ಗೆ ಅಲ್ಲಿಗೇ ಮಿತಿ ಮುಟ್ಟಿತು. ಮೇಲೆ ಇನ್ನೊಂದು ಅಟ್ಟಿ ಕಟ್ಟಿದರೂ ಗಾಡಿ ಎಳೆಯುತ್ತದೆ ನಿಜ. ಎಳೆಯುವ ಆ ಬಲ ಕ್ಲಚ್, ಗೇರಿನ ಹಲ್ಲು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಹಿಂದಿನ ಹೌಸಿಂಗ್ ಇಷ್ಟನ್ನೂ ಹಾದು ಚಕ್ರ ಮುಟ್ಟಬೇಕು. ಮೊದಲ ಗೇರಿನಲ್ಲಿ ನಿಂತಲ್ಲಿಂದ ಏರು ಹತ್ತುವಾಗ ಹಲ್ಲಿನ ಮೇಲೆ ಬೀಳುವ ಒತ್ತಡ ಎಲ್ಲಕ್ಕಿಂತ ಹೆಚ್ಚು. ಹೊಲದ ಮೆತ್ತನೆ ಮಣ್ಣಿನಿಂದ ರಸ್ತೆಗೆ ಹತ್ತಿಸುವಾಗ ಡ್ರೈವರ್ ಅರ್ಧ ಕ್ಲಚ್‌ನಲ್ಲಿ ಹಿಡಿದು ರೇಸ್ ಮಾಡುವ ಆ ಸ್ವಲ್ಪ ಹೊತ್ತು ಪ್ಲೇಟನ್ನು ಸುಡುವಷ್ಟು, ಹೆದ್ದಾರಿ 44ರ ದೂರದ ಓಟವೂ ಸುಡುವುದಿಲ್ಲ.

ರೇಷ್ಮೆಗೂಡು ಇದಕ್ಕೆ ತದ್ವಿರುದ್ಧ. ಜಾಗ ತುಂಬುತ್ತದೆ, ತೂಕ ಕಡಿಮೆ. ಹುಳು ಗೂಡು ಕಟ್ಟಿದ ಮೇಲೆ ಚಿಟ್ಟೆ ಹೊರಬರುವ ಮುಂಚೆ ಮಾರಾಟವಾಗಿ, ಪ್ಯೂಪ ಸಾಯಿಸುವ ಶಾಖ ಕಾಣಬೇಕು. ಚಿಟ್ಟೆ ತೂತು ಮಾಡಿದರೆ ನೂಲು ತೆಗೆಯಲಾಗದು. ಹಾಗಾಗಿ ಶಿಡ್ಲಘಟ್ಟದ ದಾರಿಯಲ್ಲಿ ಗಾಡಿಯನ್ನು ಸವೆಸುವುದು ಅವಸರ. ಗೇರ್ ಸರಿಯಾಗಿ ಬೀಳುತ್ತಿಲ್ಲವೆಂದು ತಿಳಿದೂ ‘ಇವತ್ತೊಂದು ಟ್ರಿಪ್’ ಎಂದು ಹೊರಡುತ್ತಾರೆ. ಹಾರಿ ಬರುವ ಗೇರನ್ನು ಕೈಯಿಂದ ಒತ್ತಿ ಹಿಡಿದೇ ಓಡಿಸುತ್ತಾರೆ. ಒತ್ತಿ ಹಿಡಿದ ಭಾರ ಒಳಗಿನ ಫೋರ್ಕಿನ ಮೇಲೆ ಕೂತು, ಸಣ್ಣ ಸವೆತ ದೊಡ್ಡದಾಗುತ್ತದೆ. ಅವರ ಕಷ್ಟ ಗೊತ್ತಿದ್ದೇ ಹೇಳುತ್ತಿದ್ದೇನೆ: ಸಾಧ್ಯವಿದ್ದರೆ ಆ ದಿನ ಗೂಡನ್ನು ಬೇರೆ ಗಾಡಿಗೆ ಹಾಕಿ.

‘ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತೆ’

ಉಳಿಯುವುದಿಲ್ಲ. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಎಂಜಿನ್ನನ್ನು ಚಕ್ರವೇ ತಿರುಗಿಸುತ್ತದೆ. ಕಾಮನ್ ರೇಲ್ ಎಂಜಿನ್‌ಗಳಲ್ಲಿ ಆಗ ಡೀಸೆಲ್ ಪೂರೈಕೆ ನಿಲ್ಲುತ್ತದೆ. ನ್ಯೂಟ್ರಲ್ ಹಾಕಿದರೆ ಐಡ್ಲಿಂಗ್‌ಗೆ ಬೇಕಾದಷ್ಟು ಡೀಸೆಲ್ ಉರಿಯುತ್ತಲೇ ಇರುತ್ತದೆ. ಮೇಲಾಗಿ ಎಂಜಿನ್ ಹಿಡಿತ ಕೈತಪ್ಪಿ, ಪೂರ್ತಿ ಭಾರ ಬ್ರೇಕಿನ ಮೇಲೆ. ಲೋಡ್ ಇರುವ ಹಳೇ ಗಾಡಿಯ ಬ್ರೇಕ್ ಬಿಸಿಯಾಗಿ ಹಿಡಿಯದಿದ್ದರೆ ಹೋಗುವುದು ಜೀವ. ಈ ಅಭ್ಯಾಸ ಇಂದೇ ಬಿಡಬೇಕು.

‘ಆಯಿಲ್ ಆಯಿಲ್ಲೇ, ಹೌಸಿಂಗ್‌ದೇ ಬಾಕ್ಸಿಗೂ ಹಾಕಿದರಾಯ್ತು’

ಹೌಸಿಂಗ್‌ಗೆ ಹಾಕುವ ಜಿಎಲ್-5 ಎಣ್ಣೆಯಲ್ಲಿ ಕ್ರೌನ್ ಪಿನಿಯನ್ನಿನ ಉಜ್ಜಾಟ ತಡೆಯಲು ಗಂಧಕ, ರಂಜಕದ ಸೇರ್ಪಡೆ ಹೆಚ್ಚು. ಬಾಕ್ಸಿನ ಸಿಂಕ್ರೊ ರಿಂಗ್‌ಗಳು ಹಿತ್ತಾಳೆಯವಾಗಿದ್ದರೆ, ಬಿಸಿಯಾದಾಗ ಆ ಸೇರ್ಪಡೆಯೇ ಅವನ್ನು ತಿನ್ನಬಹುದು. ಅದಕ್ಕೇ ಅನೇಕ ಬಾಕ್ಸ್‌ಗಳಿಗೆ ಜಿಎಲ್-4 ಹೇಳಿರುತ್ತಾರೆ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿರುವ ದರ್ಜೆಯನ್ನೇ ಕೇಳಿ ತನ್ನಿ. ಸದ್ದಡಗಿಸಲು ದಪ್ಪ ಎಣ್ಣೆ ಹಾಕುವುದು ರೋಗ ಮುಚ್ಚಿಡುವುದಷ್ಟೇ. ಎಣ್ಣೆ ಇಳಿಸಿದಾಗ ಡ್ರೈನ್ ಬೋಲ್ಟನ್ನು ನೋಡಿ: ಅದಕ್ಕೆ ಅಯಸ್ಕಾಂತ ಇದ್ದು ನುಣುಪಾದ ಬೂದು ಪೇಸ್ಟ್ ಅಂಟಿದ್ದರೆ ಸಹಜ ಸವೆತ, ಚೂಪಾದ ಲೋಹದ ಚೂರು ಸಿಕ್ಕರೆ ಬಾಕ್ಸ್ ಬಿಚ್ಚಲೇಬೇಕು.

ಆಟೋಮ್ಯಾಟಿಕ್ ಪಿಕಪ್ ಕೊಂಡವರಿಗೆ

ಲೋಡ್ ಹೊಡೆಯುವ ನಮ್ಮ ಪಿಕಪ್‌ಗಳೆಲ್ಲ ಹೆಚ್ಚುಕಡಿಮೆ ಕೈಗೇರಿನವೇ. ಆದರೆ ಇಸುಜು ವಿ-ಕ್ರಾಸ್ 2019ರಲ್ಲಿ, ಟೊಯೊಟಾ ಹೈಲಕ್ಸ್ 2022ರಲ್ಲಿ 6 ಗೇರಿನ ಆಟೋಮ್ಯಾಟಿಕ್ ತಂದವು. ಅಂಥವು ಈಗ ಸೆಕೆಂಡ್ ಹ್ಯಾಂಡ್‌ನಲ್ಲೂ ಕೈ ಬದಲಾಗುತ್ತಿವೆ. ಕೈಗೇರಿನ ಗಾಡಿಯ ರೂಢಿ ಇಲ್ಲಿಗೆ ತಂದರೆ ನಷ್ಟ ದೊಡ್ಡದು.

ಇದನ್ನು ತಳ್ಳಿ ಸ್ಟಾರ್ಟ್ ಮಾಡಲಾಗದು. ಒಳಗಿನ ಕ್ಲಚ್‌ಗಳು ಹಿಡಿಯಲು ಎಣ್ಣೆಯ ಒತ್ತಡ ಬೇಕು. ಆ ಪಂಪನ್ನು ಎಂಜಿನ್ ತಿರುಗಿಸುತ್ತದೆ. ಎಂಜಿನ್ ನಿಂತಾಗ ಪಂಪೂ ನಿಂತಿರುತ್ತದೆ. ಅದೇ ಕಾರಣಕ್ಕೆ, ಕೆಟ್ಟು ನಿಂತ ಗಾಡಿಗೆ ಹಗ್ಗ ಕಟ್ಟಿ ಚಿಂತಾಮಣಿಯಿಂದ ಬೆಂಗಳೂರಿನವರೆಗೆ ಎಳೆದೊಯ್ದರೆ, ಹಿಂದಿನ ಚಕ್ರ ತಿರುಗಿಸುವ ಭಾಗಗಳು ಎಣ್ಣೆಯಿಲ್ಲದೆ ಉಜ್ಜಿ ಹಾಳಾಗುತ್ತವೆ. ನಾಲ್ಕೂ ಚಕ್ರ ಎತ್ತಿ ಒಯ್ಯುವ ಗಾಡಿ ತರಿಸಿ.

ಗೇರ್ ಒಂದರಲ್ಲೇ ಸಿಕ್ಕಿಕೊಂಡು ಎಚ್ಚರಿಕೆ ದೀಪ ಹತ್ತಿತೆಂದರೆ ಬಾಕ್ಸ್ ಸತ್ತಿದೆಯೆಂದು ಅರ್ಥವಲ್ಲ. ಯಾವುದೋ ಸೆನ್ಸರ್, ವೈರು, ಸೊಲೆನಾಯ್ಡ್ ಸರಿಯಾದ ಸಂಕೇತ ಕೊಡದಾಗ ಕಂಪ್ಯೂಟರ್ ಬಾಕ್ಸನ್ನು ಕಾಪಾಡಲು ಒಂದೇ ಗೇರಿನಲ್ಲಿ ಮನೆ ಸೇರುವಂತೆ ಮಾಡುತ್ತದೆ. ಮೊದಲು ಬ್ಯಾಟರಿ ವೋಲ್ಟೇಜು, ಅರ್ಥಿಂಗ್ ನೋಡಿಸಿ, ಸ್ಕ್ಯಾನರ್ ಹಾಕಿಸಿ ಕೋಡ್ ಬರೆದಿಟ್ಟುಕೊಳ್ಳಿ. ಕೋಡ್ ಓದದೆ ಬಾಕ್ಸ್ ಬಿಚ್ಚೋಣ ಎನ್ನುವ ಕಡೆ ಗಾಡಿ ಬಿಡಬೇಡಿ.

‘ಹಳೇ ಎಣ್ಣೆ ಬದಲಿಸಿದರೆ ಬಾಕ್ಸ್ ಹೋಗುತ್ತೆ’ ಎಂಬ ಭಯಕ್ಕೆ ಒಂದು ಬೇರಿದೆ. ಗೇರ್ ಜಾರಲು ಶುರುವಾದ ಮೇಲೆ, ಕಡೆಯ ಉಪಾಯವೆಂದು ಎಣ್ಣೆ ಬದಲಿಸುತ್ತಾರೆ. ಸುಟ್ಟ ಕ್ಲಚ್‌ಗಳು ಹೊಸ ಎಣ್ಣೆಯಿಂದ ಮರಳುವುದಿಲ್ಲ. ತಪ್ಪು ಎಣ್ಣೆಯ ತಲೆಗೆ ಬರುತ್ತದೆ. ಜಾರುವ ಮುಂಚೆ, ಹೇಳಿದ ದರ್ಜೆಯ ಎಣ್ಣೆಯನ್ನು, ಹೇಳಿದ ಬಿಸಿಯಲ್ಲಿ ಮಟ್ಟ ಅಳೆದು ಹಾಕಿದರೆ ಬಾಕ್ಸಿನ ಆಯುಸ್ಸು ಹೆಚ್ಚುತ್ತದೆ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಅತಿಯಾಗಿ ಬಿಸಿಯಾಗಿದೆ. ಗುಲಾಬಿ ಬಣ್ಣದ ಹಾಲಿನಂತೆ ಕಂಡರೆ ಕೂಲರ್ ಒಡೆದು ರೇಡಿಯೇಟರಿನ ನೀರು ಸೇರಿದೆ. ಅಲ್ಲಿಂದ ಒಂದು ಕಿಲೊಮೀಟರೂ ಓಡಿಸಬಾರದು.

‘ಗುಜರಿ ಬಾಕ್ಸ್ ಹಾಕಿದರೆ ಗಾಡಿ ಹೊಸದಾಗುತ್ತೆ’

ಒಳ್ಳೆಯ ಹಳೇ ಬಾಕ್ಸ್ ಸಿಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಒಂದೇ ಹೆಸರಿನ ಗಾಡಿಯಲ್ಲೂ ವರ್ಷಕ್ಕೆ ತಕ್ಕಂತೆ ಗೇರ್ ಅನುಪಾತ, ಶಾಫ್ಟಿನ ಹಲ್ಲು ಬೇರೆಯಾಗಿರಬಹುದು. ಬಾಕ್ಸಿನ ಮೇಲಿನ ನಂಬರನ್ನು ನಿಮ್ಮದರ ಜೊತೆ ತಾಳೆ ನೋಡಿ, ಶಾಫ್ಟನ್ನು ಕೈಯಲ್ಲಿ ತಿರುಗಿಸಿ ಅಲುಗಾಟ ನೋಡಿ, ಎಣ್ಣೆ ಇಳಿಸಿ ನೋಡಿ. ಹೊಂದದಿದ್ದರೆ ಇಂತಿಷ್ಟು ದಿನದೊಳಗೆ ವಾಪಸ್ ಎಂದು ಬಿಲ್ಲಿನಲ್ಲಿ ಬರೆಸಿ. ಆಟೋಮ್ಯಾಟಿಕ್ ಆದರೆ ಕಂಪ್ಯೂಟರಿಗೂ ಹೊಂದಿಸಬೇಕಾಗಬಹುದು. ಆ ಖರ್ಚನ್ನೂ ಮೊದಲೇ ಕೇಳಿ.

8 ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಬಾಕ್ಸಿನ ಖರ್ಚು ಲೆಕ್ಕ ಹಾಕುವಾಗ ಬ್ರೇಕ್, ಟೈರು, ಚಾಸಿಗೆ ಮುಂದಿನ ಎಫ್‌ಸಿ ಹೊತ್ತಿಗೆ ಎಷ್ಟು ಬೇಕೆಂದು ಅದರ ಪಕ್ಕದಲ್ಲೇ ಬರೆದು, ಇಂಥದೇ ಗಾಡಿ ಸಂತೆಯಲ್ಲಿ ಎಷ್ಟಕ್ಕೆ ಹೋಗುತ್ತದೆಂದು ವಿಚಾರಿಸಿ, ಆಮೇಲೆ ಬಾಕ್ಸಿಗೆ ಮುಂಗಡ ಕೊಡಿ.