ಗಾಯಗೊಂಡ ಹದ್ದಿನ ಸೇವೆ ಶ್ರಾವಕರಿಗೆ ಸಲ್ಲುವುದೇ?

ಗಾಳಿಪಟದ ದಾರಕ್ಕೆ ಸಿಕ್ಕಿ ರೆಕ್ಕೆ ಕುಯ್ದುಕೊಂಡ ಹದ್ದುಗಳು ಆಷಾಢದ ಗಾಳಿ ಎದ್ದಾಗ ನೆಲಕ್ಕೆ ಬೀಳುತ್ತವೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದ್ದರೂ ಅದು ಇನ್ನೂ ಮರಗಳಲ್ಲಿ ನೇತಾಡುತ್ತಿದೆ. ಹುತ್ತೂರು, ಮಾಲೂರು, ಮುಳಬಾಗಿಲು ಕಡೆ ಇಂತಹ ಪಕ್ಷಿ ಸಿಕ್ಕರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಾಗುವಂತೆ ಇರಿಸಿ, ಅರಣ್ಯ ಇಲಾಖೆಗೆ ತಿಳಿಸಬೇಕು. ಕರುಣೆಯಿಂದ ಕೊಕ್ಕು ಬಿಡಿಸಿ ಹಾಲು, ನೀರು ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿದರೆ ಪಕ್ಷಿ ಸಾಯುತ್ತದೆ.

ವಾಸಿಯಾದ ಮೇಲೂ ಮನೆಯಲ್ಲೇ ಸಾಕಿಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಪ್ಪುವುದಿಲ್ಲ. ತತ್ತ್ವಾರ್ಥಸೂತ್ರವೂ ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲು ಹೇಳುವುದು ಬಂಧವನ್ನೇ. ಪಂಜರದ ಗಿಳಿಯನ್ನು ಜೀವದಯೆ ಎಂದುಕೊಳ್ಳುವ ಮನೆಗಳು ಇದನ್ನು ಯೋಚಿಸಬೇಕು.

ಬೆಂಗಳೂರಿನ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಹಲವು ವರ್ಷಗಳಿಂದ ನಡೆಯುತ್ತಿದೆ. ಇಂತಹ ಕೇಂದ್ರಗಳ ಗುರಿ ಪ್ರಾಣಿಯನ್ನು ಮತ್ತೆ ಕಾಡಿಗೆ, ಆಕಾಶಕ್ಕೆ ಬಿಡುವುದು. ಆದ್ದರಿಂದ ಸ್ವಯಂಸೇವಕರು ಮರಿಗಳನ್ನು ಮುದ್ದಾಡುವಂತಿಲ್ಲ, ಮಾತನಾಡಿಸುವಂತಿಲ್ಲ. ಮನುಷ್ಯರಿಗೆ ಒಗ್ಗಿದ ಕೋತಿಮರಿ ಹೊರಗೆ ಬದುಕುವುದು ಕಷ್ಟ. ನಿತ್ಯದ ಕೆಲಸವೆಂದರೆ ಪಂಜರ ತೊಳೆಯುವುದು, ಹಣ್ಣು ಹೆಚ್ಚುವುದು, ತೂಕ ಬರೆದಿಡುವುದು, ದೂರವಾಣಿ ಕರೆಗಳಿಗೆ ಉತ್ತರಿಸುವುದು. ನಿಜ ಹೇಳಬೇಕೆಂದರೆ ಹೆಚ್ಚಿನದು ಕಸಪೊರಕೆಯ ಕೆಲಸ.

ನಮ್ಮವರ ಮುಖ್ಯ ಸಂಕೋಚ ಬೇರೆಯೇ: ಹದ್ದು, ಗೂಬೆಗಳಿಗೆ ಮಾಂಸ ಹಾಕಬೇಕಲ್ಲ? ದೆಹಲಿಯ ಲಾಲ್ ಮಂದಿರದ ಆವರಣದಲ್ಲಿರುವ ಜೈನ ಪಕ್ಷಿ ಆಸ್ಪತ್ರೆ ಈ ಕಾರಣಕ್ಕೇ ಮಾಂಸಾಹಾರಿ ಪಕ್ಷಿಗಳನ್ನು ಒಳರೋಗಿಗಳಾಗಿ ಇಟ್ಟುಕೊಳ್ಳುವುದಿಲ್ಲ. ಅದೇ ನಗರದಲ್ಲಿ ಮೊಹಮ್ಮದ್ ಸೌದ್ ಮತ್ತು ನದೀಮ್ ಶಹಜಾದ್ ಸಹೋದರರು ಹದ್ದುಗಳಿಗೆಂದೇ ಆರೈಕೆ ಕೇಂದ್ರ ಕಟ್ಟಿದರು. ಅವರ ಕುರಿತ 2022ರ ಸಾಕ್ಷ್ಯಚಿತ್ರ 'ಆಲ್ ದಟ್ ಬ್ರೀದ್ಸ್' ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು.

ಅತಿಚಾರಗಳ ಪಟ್ಟಿಯಲ್ಲಿ ಅನ್ನಪಾನನಿರೋಧವೂ ಇದೆ. ನಮ್ಮ ವಶದಲ್ಲಿರುವ ಜೀವಿಗೆ ಅದರ ಆಹಾರ ತಪ್ಪಿಸುವುದೂ ದೋಷವೇ. ಹದ್ದಿಗೆ ಅನ್ನ, ಹಾಲು ಆಹಾರವಾಗದು. ಹಾಗೆಂದು ಮಾಂಸ ಮುಟ್ಟಲೇಬೇಕೆಂದು ಯಾರನ್ನೂ ಒತ್ತಾಯಿಸಲಾಗದು. ಈ ವಿಷಯದಲ್ಲಿ ಮುನಿಗಳ, ಹಿರಿಯರ ಸಲಹೆ ಪಡೆಯಬಹುದು. ಸೇರುವಾಗಲೇ ಕೇಂದ್ರದವರಿಗೆ ತಮ್ಮ ವ್ರತ ತಿಳಿಸಿ, ಅಳಿಲು, ಬಾವಲಿ, ಗಿಳಿಗಳ ವಿಭಾಗ ಅಥವಾ ಕಚೇರಿ ಕೆಲಸ ಕೇಳಿಕೊಳ್ಳುವುದು ನಮಗೆ ಸರಿಯೆನಿಸುತ್ತದೆ.

ಸಸ್ತನಿಗಳನ್ನು ಮುಟ್ಟುವವರು ಮೊದಲೇ ರೇಬಿಸ್ ಲಸಿಕೆ ಹಾಕಿಸಿಕೊಂಡಿರಬೇಕು. ಮಕ್ಕಳನ್ನು ಕರೆದೊಯ್ಯುವ ಮುನ್ನ ವಯಸ್ಸಿನ ನಿಯಮ ವಿಚಾರಿಸಿ. ದೂರದ ಊರಿನವರು ರಟ್ಟಿನ ಪೆಟ್ಟಿಗೆ, ಹಳೆಯ ಹತ್ತಿಬಟ್ಟೆ ಸಂಗ್ರಹಿಸಿ ಕಳುಹಿಸಬಹುದು, ಬಸದಿಯ ಸುತ್ತಲಿನ ಮರಗಳಿಂದ ಮಾಂಜಾ ಬಿಡಿಸಬಹುದು.