ಕೈರುಚಿ ನಿಮ್ಮದು, ಕಂಪನಿ ಯಾರದು?

ಮೊದಲು ಪಕ್ಕದ ಮನೆಯವರಿಗೆ ಅರ್ಧ ಕೆ.ಜಿ. ಪುಳಿಯೋಗರೆ ಗೊಜ್ಜು ಮಾಡಿಕೊಟ್ಟಿರಿ. ಆಮೇಲೆ ಅವರ ತಂಗಿ ಕೇಳಿದರು, ತಂಗಿಯ ಆಫೀಸಿನವರೂ ಕೇಳಿದರು. ಈಗ ಬಡಾವಣೆಯ ಅಂಗಡಿಯವರು 'ಮೇಡಂ, ತಿಂಗಳಿಗೆ ಐವತ್ತು ಪ್ಯಾಕೆಟ್ ಕೊಡ್ತೀರಾ? ಬಿಲ್ ಬೇಕು' ಅಂತಿದ್ದಾರೆ. ಮನೆಯಲ್ಲಿ ಯಜಮಾನರು, 'ಒಂದು ಕಂಪನಿ ಮಾಡಿಬಿಡೋಣ. ನನ್ನ ಹೆಸರಲ್ಲೇ ಇರಲಿ, ನಿನಗ್ಯಾಕೆ ಓಡಾಟ?' ಅಂದರೇ? ಹೂಂ ಅನ್ನುವ ಮುಂಚೆ ಇದನ್ನು ಓದಿ.

ಕಂಪನಿ ಬೇಕೇ ಬೇಕಾ?

ಶುರುವಿಗೆ ಬೇಡ. ನಿಮ್ಮದೇ ಪ್ಯಾನ್ ಕಾರ್ಡ್‌ನಲ್ಲಿ ಏಕಮಾಲೀಕತ್ವದ ವ್ಯಾಪಾರ ನಡೆಸಬಹುದು. ಸರ್ಕಾರದ 'ಉದ್ಯಮ್' ನೋಂದಣಿ ಪೂರ್ತಿ ಉಚಿತ, ಆಧಾರ್ ಇದ್ದರೆ ಮನೆಯಲ್ಲೇ ಕೂತು ಮಾಡಬಹುದು. ತಿನ್ನುವ ಪದಾರ್ಥವಾದ್ದರಿಂದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾತ್ರ ಹೇಗಿದ್ದರೂ ಬೇಕು. ಆದರೆ ಒಂದು ಮಾತು ನೆನಪಿರಲಿ: ಇಲ್ಲಿ ವ್ಯಾಪಾರದ ಸಾಲವೆಂದರೆ ನಿಮ್ಮ ಸಾಲವೇ. ವ್ಯಾಪಾರ ಮುಳುಗಿದರೆ ನಿಮ್ಮ ಉಳಿತಾಯ, ಒಡವೆಗಳೂ ಅದಕ್ಕೆ ಉತ್ತರ ಹೇಳಬೇಕಾದೀತು.

ನೀವೊಬ್ಬರೇ ಸಾಕು!

ದೊಡ್ಡ ಆರ್ಡರ್, ಯಂತ್ರ, ಸಾಲ ಅಂತ ಬಂದಾಗ ಕಂಪನಿಯ ಯೋಚನೆ ಮಾಡಿ. 2013ರ ಕಂಪನಿ ಕಾಯ್ದೆಯಲ್ಲಿ 'ಒನ್ ಪರ್ಸನ್ ಕಂಪನಿ'ಗೆ ಅವಕಾಶವಿದೆ. ಒಬ್ಬರು ನಾಮಿನಿಯನ್ನು ಸೂಚಿಸಿದರಾಯಿತು. ನಾದಿನಿಯೋ ಗೆಳತಿಯೋ ಜೊತೆಗಿದ್ದರೆ ಪ್ರೈವೇಟ್ ಲಿಮಿಟೆಡ್, ಅದಕ್ಕೆ ಕನಿಷ್ಠ ಇಬ್ಬರು ಬೇಕು. ಇಷ್ಟೇ ಬಂಡವಾಳ ಇರಬೇಕೆಂಬ ನಿಯಮ 2015ರಲ್ಲೇ ಹೋಯಿತು. ಕಂಪನಿಯ ಸಾಲ ಕಂಪನಿಯದ್ದೇ, ಆದರೆ ಬ್ಯಾಂಕಿಗೆ ನೀವು ವೈಯಕ್ತಿಕ ಜಾಮೀನು ಹಾಕಿದರೆ ಅದು ನಿಮ್ಮ ಕೊರಳಿಗೇ!

ಮಾಡುವುದು ಹೇಗೆ?

* ಮೊದಲು ಡಿಜಿಟಲ್ ಸಹಿ ಮಾಡಿಸಿಕೊಳ್ಳಿ.
* ಬೇರೆ ಯಾರೂ ಇಟ್ಟಿರದ ಎರಡು ಹೆಸರು ಯೋಚಿಸಿಡಿ.
* ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ 'ಸ್ಪೈಸ್ ಪ್ಲಸ್' ಅರ್ಜಿ ತುಂಬಿ. ಕಂಪನಿಯ ಪ್ಯಾನ್ ಕೂಡ ಇದರಲ್ಲೇ ಸಿಗುತ್ತದೆ.
* ಮನೆ ವಿಳಾಸವೇ ಸಾಕು. ಮನೆ ಯಜಮಾನರ ಹೆಸರಲ್ಲಿದ್ದರೆ ಅವರ ಒಪ್ಪಿಗೆ ಪತ್ರ ಮತ್ತು ಎರಡು ತಿಂಗಳಿಗಿಂತ ಹಳೆಯದಲ್ಲದ ಕರೆಂಟ್ ಬಿಲ್ ಕೊಡಿ.
* ನೋಂದಣಿಯಾದ 180 ದಿನದೊಳಗೆ, ಷೇರಿನ ಹಣ ಬಂದಿದೆ ಎಂಬ ಘೋಷಣೆ ಸಲ್ಲಿಸಲೇಬೇಕು.

ಆಮೇಲಿನ ಖರ್ಚು ಮರೆಯಬೇಡಿ

ಕಂಪನಿ ಹುಟ್ಟಿಸುವುದು ಸುಲಭ, ಸಾಕುವುದೇ ಕಷ್ಟ. ಒಂದು ಪ್ಯಾಕೆಟ್ ಮಾರದಿದ್ದರೂ ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆ ಆಗಲೇಬೇಕು. ಲೆಕ್ಕಪತ್ರ ಮತ್ತು ವಾರ್ಷಿಕ ವಿವರ ಸಲ್ಲಿಸುವುದು ತಡವಾದರೆ ಒಂದೊಂದು ಅರ್ಜಿಗೂ ದಿನಕ್ಕೆ 100 ರೂಪಾಯಿ ಬೀಳುತ್ತದೆ. ಹಾಗಾಗಿ ಲೆಕ್ಕಪರಿಶೋಧಕರ ಹತ್ತಿರ 'ನೋಂದಣಿಗೆ ಎಷ್ಟು?' ಅಂತ ಮಾತ್ರ ಕೇಳಬೇಡಿ, 'ಪ್ರತಿವರ್ಷ ಎಷ್ಟಾಗುತ್ತೆ?' ಅಂತಲೂ ಕೇಳಿ.

ಕೊನೆಯ ಕಿವಿಮಾತು

'ನಿನ್ನನ್ನೂ ಡೈರೆಕ್ಟರ್ ಮಾಡಿದ್ದೀನಲ್ಲ' ಅಂದರೆ ಅಷ್ಟಕ್ಕೇ ಖುಷಿಪಡಬೇಡಿ. ಡೈರೆಕ್ಟರ್ ಅಂದರೆ ಜವಾಬ್ದಾರಿ, ಒಡೆತನ ಇರುವುದು ಷೇರಿನಲ್ಲಿ. ಷೇರು ಯಾರ ಹೆಸರಲ್ಲಿ ಎಷ್ಟಿದೆ ನೋಡಿ. ಓದದೆ ಎಲ್ಲಿಯೂ ಸಹಿ ಹಾಕಬೇಡಿ. ಇದರಲ್ಲಿ ಜಗಳವೇನೂ ಇಲ್ಲ. ಓಡಾಟಕ್ಕೆ ಯಜಮಾನರೇ ಹೋಗಲಿ, ಸಂತೋಷ. ಆದರೆ ಒಲೆಯ ಮುಂದೆ ನಿಂತವರ ಹೆಸರು ಕಾಗದದ ಮೇಲೂ ಇರಬೇಕು, ಅಲ್ಲವೇ?